ಕರೆದಾಗ ಏಳುವ ಸೇವೆಗಳು: ಗಣಕದ ಆರಂಭ ವ್ಯವಸ್ಥೆಯಲ್ಲಿ ವಿನ್ಯಾಸದ ಆಯ್ಕೆಗಳು

ಯೂನಿಕ್ಸ್ ಪರಂಪರೆಯ ಗಣಕಗಳಲ್ಲಿ ತೆರೆಮರೆಯಲ್ಲಿದ್ದು ದುಡಿಯುವ ತಂತ್ರಾಂಶಗಳನ್ನು 'ಡೀಮನ್' ಎನ್ನುತ್ತಾರೆ. 1963ರ ಸುಮಾರಿಗೆ ಎಂಐಟಿಯ ಪ್ರಾಜೆಕ್ಟ್ ಮ್ಯಾಕ್‌ನಲ್ಲಿದ್ದವರು, ಅಣುಗಳನ್ನು ವಿಂಗಡಿಸುವುದೆಂದು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ ಜೀವಿಯಿಂದ ಈ ಹೆಸರನ್ನು ಪಡೆದರು. ವೃತ್ತಿಸಮುದಾಯಗಳು ತಮ್ಮ ಪರಿಕರಗಳಿಗೆ ಹೆಸರಿಡುವ ಬಗೆಯನ್ನು ಅಭ್ಯಸಿಸುವ ಜಾನಪದ ವಿದ್ವಾಂಸರಿಗೆ ಇದು ಕುತೂಹಲದ ಸಂಗತಿಯೇ. ಇದನ್ನು ನಮ್ಮ ಕರಾವಳಿಯ ದೈವಗಳ ಆವಾಹನೆಗೆ ಹೋಲಿಸಿ ಮುಗಿಸುವುದು ಸುಲಭ. ಆದರೆ ಅದರಿಂದ ಎರಡೂ ಸ್ಪಷ್ಟವಾಗುವುದಿಲ್ಲ. ಪ್ರಸ್ತುತ ಲೇಖನದ ಪ್ರಶ್ನೆ ಬೇರೆ: ಈ ಸೇವೆಗಳನ್ನು ಯಾವಾಗ ಎಬ್ಬಿಸಬೇಕು? ಧ್ವನಿಮುದ್ರಣಗಳನ್ನೂ ಹಸ್ತಪ್ರತಿಗಳ ಛಾಯಾಪ್ರತಿಗಳನ್ನೂ ಗಣಕದ ವಶಕ್ಕೆ ಒಪ್ಪಿಸಿರುವ ಗ್ರಂಥಾಲಯಗಳಿಗೆ ಇದು ತಂತ್ರಜ್ಞರಿಗಷ್ಟೇ ಬಿಡಬಹುದಾದ ಪ್ರಶ್ನೆಯಲ್ಲ.

ಗಣಕ ಚಾಲನೆಗೊಂಡಾಗ ಕರ್ನಲ್ ಆರಂಭಿಸುವ ಒಂದನೆಯ ಪ್ರಕ್ರಿಯೆಯೇ 'ಇನಿಟ್'. ಉಳಿದ ಸೇವೆಗಳನ್ನು ಎಬ್ಬಿಸುವ ಹೊಣೆ ಅದರದು. ಹಳೆಯ ಪದ್ಧತಿಯಲ್ಲಿ ಬೇಕಿರಲಿ ಬೇಡವಾಗಿರಲಿ, ಎಲ್ಲವೂ ಒಂದರ ಹಿಂದೊಂದರಂತೆ ಆರಂಭಗೊಳ್ಳುತ್ತಿದ್ದವು. ಅಗತ್ಯ ಬಿದ್ದಾಗ ಮಾತ್ರ ಎಬ್ಬಿಸುವ ಕ್ರಮವೂ ಹೊಸದೇನಲ್ಲ. 1986ರ 4.3 ಬಿಎಸ್‌ಡಿಯಲ್ಲಿ ಬಂದ 'ಐನೆಟ್‌ಡಿ' ಹಲವು ಸೇವೆಗಳ ಪರವಾಗಿ ತಾನೇ ಬಾಗಿಲು ಕಾಯ್ದು, ಕರೆ ಬಂದಾಗ ಸಂಬಂಧಪಟ್ಟ ಸೇವೆಯನ್ನು ಆರಂಭಿಸುತ್ತಿತ್ತು. ಆಪಲ್ 2005ರಲ್ಲಿ ತಂದ 'ಲಾಂಚ್‌ಡಿ' ಈ ಕೆಲಸವನ್ನು ಒಂದನೆಯ ಪ್ರಕ್ರಿಯೆಗೇ ವಹಿಸಿತು. ಲೆನ್ನಾರ್ಟ್ ಪೊಯೆಟರಿಂಗ್ ಮತ್ತು ಕೇ ಸೀವರ್ಸ್ 2010ರಲ್ಲಿ ಲಿನಕ್ಸ್‌ಗಾಗಿ ರೂಪಿಸಿದ 'ಸಿಸ್ಟಮ್‌ಡಿ' ಅದೇ ಹಾದಿಯನ್ನು ವಿಸ್ತರಿಸಿತು.

ಇಲ್ಲಿನ ಮೂಲ ಆಯ್ಕೆಯೆಂದರೆ ಬಾಗಿಲನ್ನೂ ಸೇವೆಯನ್ನೂ ಬೇರ್ಪಡಿಸಿದ್ದು. ಕರೆಗಳನ್ನು ಸ್ವೀಕರಿಸುವ 'ಸಾಕೆಟ್' ಅನ್ನು ಸೇವೆಯಲ್ಲ, ಇನಿಟ್ ತೆರೆಯುತ್ತದೆ. ಸೇವೆ ಇನ್ನೂ ಎದ್ದಿರದಿದ್ದರೂ ಬಂದ ಕರೆಗಳನ್ನು ಕರ್ನಲ್ ಸರತಿಯಲ್ಲಿ ನಿಲ್ಲಿಸಿಕೊಳ್ಳುತ್ತದೆ. ಹೀಗಾಗಿ ಪರಸ್ಪರ ಅವಲಂಬಿಸಿದ ಎರಡು ಸೇವೆಗಳನ್ನು ಒಟ್ಟಿಗೇ ಆರಂಭಿಸಬಹುದು. ಯಾವುದು ಮೊದಲು ಎಂಬ ಲೆಕ್ಕಾಚಾರ ಬಹುಮಟ್ಟಿಗೆ ಅನಗತ್ಯವಾಗುತ್ತದೆ. ತೆರೆದ ಸಾಕೆಟ್ಟನ್ನು ಸೇವೆಗೆ ಹಸ್ತಾಂತರಿಸುವಾಗ 0, 1, 2 ಎಂಬ ಕಡತಸೂಚಕಗಳು ರೂಢಿಯಂತೆ ಬಳಕೆಯಲ್ಲಿರುವುದರಿಂದ 3ರಿಂದ ಎಣಿಕೆ ಆರಂಭ. ಸೇವೆಯ ಲೇಖಕರು ಈ ಒಡಂಬಡಿಕೆಯನ್ನು ಒಪ್ಪಿ ತಮ್ಮ ತಂತ್ರಾಂಶವನ್ನು ತಿದ್ದಬೇಕು. ಪ್ರತಿ ಕರೆಗೂ ಹೊಸ ಪ್ರಕ್ರಿಯೆಯೇ, ಅಥವಾ ಎಲ್ಲ ಕರೆಗಳಿಗೂ ಒಂದೇ ಪ್ರಕ್ರಿಯೆಯೇ ಎಂಬುದು ಮತ್ತೊಂದು ಆಯ್ಕೆ. ಮೊದಲನೆಯದು ಸರಳ, ಆದರೆ ಕರೆಗಳು ಹೆಚ್ಚಾದಂತೆ ದುಬಾರಿ.

ಇದರಿಂದ ಆಗುವ ಉಳಿತಾಯವನ್ನು ಕುರಿತು ಬಹಳ ಹೇಳಲಾಗಿದೆ. ನನಗೆ ಮುಖ್ಯವೆನಿಸುವುದು ಅದರ ಮರೆಯಲ್ಲಿರುವ ಅಪಾಯ. ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಒಳಗಿನವರು ಕ್ಷೇಮವೆಂದಲ್ಲ. ಹೊಂದಾಣಿಕೆಯ ಕಡತದಲ್ಲಿ ದೋಷವಿದ್ದರೆ, ಎಲ್ಲವನ್ನೂ ಮೊದಲೇ ಎಬ್ಬಿಸುವ ಪದ್ಧತಿಯಲ್ಲಿ ಅದು ಆರಂಭದಲ್ಲೇ, ಮೇಲ್ವಿಚಾರಕರ ಎದುರಿನಲ್ಲೇ ಗೋಚರಿಸುತ್ತದೆ. ವಿಳಂಬಿತ ಪದ್ಧತಿಯಲ್ಲಿ ತಿಂಗಳುಗಳ ನಂತರ ದೂರದ ಊರಿಂದ ಬಂದ ಸಂಶೋಧಕರು ಒಂದು ಲಾವಣಿಯ ಮುದ್ರಣವನ್ನು ಕೇಳಿದಾಗ ಗೋಚರಿಸುತ್ತದೆ. ಏಳಲಾರದ ಸೇವೆಯನ್ನು ಸರತಿಯಲ್ಲಿರುವ ಕರೆ ಮತ್ತೆ ಮತ್ತೆ ಎಬ್ಬಿಸುತ್ತಲೇ ಇರಬಾರದೆಂದು ಸಿಸ್ಟಮ್‌ಡಿ ಪ್ರಯತ್ನಗಳಿಗೆ ಮಿತಿ ಹಾಕಿ, ಮಿತಿ ಮೀರಿದರೆ ಆ ಸಾಕೆಟ್ಟನ್ನೇ ವಿಫಲವೆಂದು ಮುಚ್ಚುತ್ತದೆ. ಸರಿಯಾದ ಕ್ರಮವೇ, ಸಂಶೋಧಕರಿಗೆ ಮಾತ್ರ ಮುಚ್ಚಿದ ಬಾಗಿಲು.

ಆದ್ದರಿಂದ ಸಂಗ್ರಹಾಲಯದ ದತ್ತಸಂಚಯಕ್ಕೆ ನಡುದಾರಿಯೇ ಲೇಸು: ಸಾಕೆಟ್ಟನ್ನು ಇನಿಟ್ ತೆರೆಯಲಿ, ಸೇವೆಯೂ ಗಣಕದೊಂದಿಗೇ ಏಳಲಿ. ಅಪರೂಪಕ್ಕೆ ಬಳಸುವ ಮುದ್ರಣಸೇವೆ ಕರೆದಾಗ ಎದ್ದರೆ ಸಾಕು. ಪ್ರತಿಗಳನ್ನು ತೆಗೆದಿಡುವ ಸೇವೆಯನ್ನು ಯಾರೂ ಕರೆಯುವುದಿಲ್ಲ. ಅದನ್ನು ಸಮಯಸೂಚಿಯೇ ಎಬ್ಬಿಸಬೇಕು. ಗೊತ್ತುಪಡಿಸಿದ ಹೊತ್ತಿನಲ್ಲಿ ಗಣಕ ಆರಿದ್ದರೆ ತಪ್ಪಿಹೋದ ಸರದಿಯನ್ನು ಮುಂದಿನ ಚಾಲನೆಯಲ್ಲಿ ನೆರವೇರಿಸುವ ಅನುಕೂಲ ಸಿಸ್ಟಮ್‌ಡಿಯಲ್ಲಿದೆ. ಆದರೆ ಅದು ತಾನಾಗಿ ಜಾರಿಯಲ್ಲಿರುವುದಿಲ್ಲ, ಸಮಯಸೂಚಿಯ ಕಡತದಲ್ಲಿ ಅದನ್ನು ಪ್ರತ್ಯೇಕವಾಗಿ ನಮೂದಿಸಬೇಕು.