ಬೂದಿಗುಡ್ಡಕ್ಕೆ ಬೇಲಿಯೊಂದೇ ಸಾಲದು

ಚೋರನೂರು ಹೋಬಳಿಯಿಂದ ತೋರಣಗಲ್ಲು ದಾಟಿ ಬಳ್ಳಾರಿಯ ಕಡೆ ಹೊರಟರೆ ಕುಡತಿನಿಯ ಬಳಿ, ಹೆದ್ದಾರಿಯ ಅಂಚಿನಲ್ಲೇ, ಒಂದು ಬೂದಿಗುಡ್ಡವಿದೆ. ಅದು ಭೀಮ ಕೊಂದ ಹಿಡಿಂಬಾಸುರನ ಬೂದಿ ಎಂಬ ಊರಿನ ಕಥೆಯನ್ನು 19ನೇ ಶತಮಾನದಲ್ಲೇ ನ್ಯೂಬೋಲ್ಡ್ ಎಂಬ ಸೇನಾಧಿಕಾರಿ ಬರೆದಿಟ್ಟ. ಹಂಪಿ ಬಳಿಯ ನಿಂಬಾಪುರದ ಬೂದಿರಾಶಿಯನ್ನು ಜನ ಇಂದಿಗೂ ವಾಲಿಯ ಚಿತೆ ಎನ್ನುತ್ತಾರೆ. ಓದಿದವರ ಊಹೆಗಳೂ ಕಡಿಮೆಯೇನಿರಲಿಲ್ಲ. ಜ್ವಾಲಾಮುಖಿಯ ಕಿಟ್ಟ ಎಂದರು, ಕಬ್ಬಿಣ ಕರಗಿಸಿದ ಕುಲುಮೆಯ ಕಸ ಎಂದರು. ದನದ ಸಗಣಿ ಸುಟ್ಟು ಆದ ರಾಶಿಗಳಿವು, ನವಶಿಲಾಯುಗದವರವು ಎಂದು ಗುರುತಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಬಳ್ಳಾರಿ ಜಿಲ್ಲೆಯ ಭೂರಚನೆ ಕುರಿತ ಅವರ ವರದಿ ಪ್ರಕಟವಾದದ್ದು 1895ರಲ್ಲಿ. ಬಳ್ಳಾರಿಯ ಪ್ರಾಗೈತಿಹಾಸಿಕ ವಸ್ತುಸಂಗ್ರಹಾಲಯಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ. 

ಅಗೆದದ್ದನ್ನು ತಂದು ಸಂಗ್ರಹಾಲಯದಲ್ಲಿಟ್ಟರೆ ಸಾಲದೇ, ಗುಡ್ಡ ಯಾಕೆ ಉಳಿಯಬೇಕು ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಈಗ ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿದೆ. 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅಲ್ಲಿನ ಬೂದಿದಿಬ್ಬವನ್ನು ಅಗೆದಾಗ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೂ, ದೊಡ್ಡಿಯ ಸುತ್ತ ಮರದ ಕಂಬ ನೆಟ್ಟ ಕುಳಿಗಳೂ ಸಿಕ್ಕವು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಜನ ದನ ಕೂಡಿ, ಸಗಣಿ ರಾಶಿ ಹಾಕಿ, ಮತ್ತೆ ಮತ್ತೆ ಸುಟ್ಟಿದ್ದರು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಇಲ್ಲ. ಗೊರಸಿನ ಗುರುತಿಗೆ ಅರ್ಥ ಬರುವುದು ಅದು ಮೂಡಿದ ಪದರದಲ್ಲೇ. ಬಳ್ಳಾರಿ ಪಕ್ಕದ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡಗಳಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಡಾಲರೈಟ್ ಎಂಬ ಕರಿಕಲ್ಲಿನ ಸಾಲಿದೆ. ಅದೇ ಕಲ್ಲಿನಿಂದ ಕೊಡಲಿ ಮಾಡಿದ ಜಾಗವಿದೆ, ಅದೇ ಬಂಡೆಗಳ ಮೇಲೆ ಉದ್ದ ಕೊಂಬಿನ ಗೂಳಿಗಳನ್ನು ಕುಟ್ಟಿ ಮೂಡಿಸಿದ್ದಾರೆ, ಬಡಿದರೆ ನಾದ ಹೊಮ್ಮುವ ಕಲ್ಲುಗಳಿವೆ, ವಾಸದ ನೆಲೆಯ ಮಣ್ಣಿನಲ್ಲಿ ಸುಟ್ಟ ಹುರುಳಿ, ಹೆಸರುಕಾಳು ಸಿಕ್ಕಿವೆ. ಕೊಡಲಿಯೊಂದನ್ನೇ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅದರ ಕಲ್ಲು ಎಲ್ಲಿಯದು, ಮಾಡಿದವರು ಏನು ಉಣ್ಣುತ್ತಿದ್ದರು ಎಂಬುದು ಕೈತಪ್ಪುತ್ತದೆ. ಅಲ್ಲಿನ ಕಲ್ಲುಕ್ವಾರಿಗಳು ಈ ಸಂಬಂಧಗಳ ಎಷ್ಟೋ ಭಾಗವನ್ನು ಜಲ್ಲಿ ಮಾಡಿ ಮುಗಿಸಿವೆ.

ನಮ್ಮ ಕಾನೂನು ಕಟ್ಟಡವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದದ್ದು. 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಗುಡಿಗೆ, ಕೋಟೆಗೆ ಈ ಅಳತೆ ನಡೆಯುತ್ತದೆ. ಮೇವಿಗೆ, ಕಲ್ಲಿಗೆ, ನೀರಿಗೆ ಮೈಲಿಗಟ್ಟಲೆ ಓಡಾಡಿದ ದನಗಾಹಿಗಳ ಬದುಕಿಗೆ ಅದು ಎಲ್ಲಿ ಸಾಕಾದೀತು? ಅದಕ್ಕಿಂತ ಮೊದಲಿನ ತೊಡಕೆಂದರೆ, ಪಟ್ಟಿಗೆ ಸೇರದ ದಿಬ್ಬಕ್ಕೆ ಆ 100 ಮೀಟರೂ ಇಲ್ಲ. ಹೊಲದ ನಡುವಿನ ಬೂದಿಯನ್ನು ಗೊಬ್ಬರವೆಂದು ಗಾಡಿಯಲ್ಲಿ ಹೇರಿಕೊಂಡು ಹೋದ ರೈತನನ್ನು ದೂರಿ ಫಲವಿಲ್ಲ. ಅದು ಏನೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಗಣಿಯನ್ನೂ ಕ್ವಾರಿಯನ್ನೂ ನಂಬಿದ ತಾಲ್ಲೂಕಿನಲ್ಲಿ ಪ್ರತಿ ಗುಡ್ಡಕ್ಕೂ ಬೇಲಿ ಹಾಕಿದರೆ ಕೂಲಿಯವರು ಎಲ್ಲಿಗೆ ಹೋಗಬೇಕು ಎಂಬ ಆಕ್ಷೇಪ ಇವೆಲ್ಲಕ್ಕಿಂತ ಭಾರವಾದದ್ದು. ಪ್ರತಿ ಗುಡ್ಡವೂ ಬೇಕಿಲ್ಲ. ಜಲ್ಲಿಗೆ ಒದಗುವ ಕಲ್ಲು ಈ ಸೀಮೆಯಲ್ಲಿ ಬೇಕಾದಷ್ಟಿದೆ, ಕೊಡಲಿ ಮಾಡಿದ ನೆಲೆಗಳು ಬೆರಳೆಣಿಕೆಯವು. ಯಾವುದು ಯಾವುದೆಂದು ತಿಳಿಯಲು ಗುತ್ತಿಗೆಗೆ ಮೊದಲು ಒಂದು ಸಮೀಕ್ಷೆ ಬೇಕು, ಅಷ್ಟೇ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ, ಮತ್ತೆ ಆರಂಭಿಸಲು ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು. ಗಣಿಗಳು ನಡೆಯುತ್ತಲೇ ಇವೆ. ನೆಲ ಅಗೆಯುವ ಮುನ್ನ ಪುರಾತತ್ವದವರು ಬಂದು ನೋಡಿ ಬರೆದಿಡುವುದು ಅದಕ್ಕಿಂತ ದೊಡ್ಡ ಹೊರೆಯಲ್ಲ. ಚೋರನೂರಿನಂಥ ಹೋಬಳಿಯಿಂದಲೇ ಇದನ್ನು ಆರಂಭಿಸಬಹುದು. ಯಾವ ಹೊಲದ ಮಣ್ಣು ಬೂದಿಬಣ್ಣದ್ದು, ಯಾವ ಬಂಡೆಯ ಮೇಲೆ ಗೂಳಿಯ ಚಿತ್ರವಿದೆ ಎಂಬುದು ಅಲ್ಲಿ ಕುರಿಮಂದೆ ತರುಬುವವರಿಗೆ ತಿಳಿದಿರುತ್ತದೆ. ಸಮೀಕ್ಷೆಯವರು ಮೊದಲು ಕೇಳಬೇಕಾದದ್ದು ಅವರನ್ನೇ.