ಅರ್ಧ ಗಂಟೆ ನಿನ್ನ ಭಾಷೆ, ಅರ್ಧ ಗಂಟೆ ನನ್ನದು

ಪರೀಕ್ಷೆಯಲ್ಲಿ ಪುಟಗಟ್ಟಲೆ ಇಂಗ್ಲಿಷ್ ಬರೆದವರು ಎರಡು ನಿಮಿಷ ಮಾತಾಡಬೇಕಾದಾಗ ತಡವರಿಸುವುದು ನಮ್ಮಲ್ಲಷ್ಟೇ ಅಲ್ಲ, ಬ್ರೆಜಿಲ್‌ನಲ್ಲೂ ಉಂಟು. ಸಾವೊ ಪಾಲೊ ರಾಜ್ಯದ ಒಳನಾಡಿನಲ್ಲಿ ಅಸಿಸ್ ಎಂಬ ಊರಿದೆ. ಅಲ್ಲಿನ ಭಾಷಾ ವಿದ್ಯಾರ್ಥಿಗಳಿಗೆ ಪಾಠಕ್ಕೆ ಕೊರತೆಯಿರಲಿಲ್ಲ, ಇಂಗ್ಲಿಷಿನಲ್ಲಿ ಹರಟಲು ಜನವಿರಲಿಲ್ಲ. ಅಲ್ಲಿನ ಪ್ರಾಧ್ಯಾಪಕ ಜೊವಾಂವ್ ಟೆಲಿಸ್ ಮತ್ತು ಸಂಗಡಿಗರು 2006ರಲ್ಲಿ ‘ಟೆಲಿಟ್ಯಾಂಡೆಮ್’ ಶುರುಮಾಡಿದರು. ಪೋರ್ಚುಗೀಸ್ ಕಲಿಯುತ್ತಿರುವ ಹೊರದೇಶದ ವಿದ್ಯಾರ್ಥಿಯೊಬ್ಬನನ್ನು ಅಸಿಸ್‌ನ ಒಬ್ಬನಿಗೆ ಜೋಡಿ ಮಾಡಿ, ವೆಬ್‌ಕ್ಯಾಮ್ ಮುಂದೆ ಕೂರಿಸುವುದು. ಅಷ್ಟೇ.

ಅದರ ಜೀವ ಇರುವುದು ಕಟ್ಟಳೆಗಳಲ್ಲಿ. ಕೊಟ್ಟಷ್ಟು ಪಡೆಯಬೇಕು, ಏನು ಮಾತಾಡಬೇಕೆಂದು ಜೋಡಿಯೇ ತೀರ್ಮಾನಿಸಬೇಕು, ಎರಡು ಭಾಷೆ ಬೆರೆಸಬಾರದು. ಒಂದು ಗಂಟೆಯ ಭೇಟಿಯಾದರೆ ಅರ್ಧ ಇಂಗ್ಲಿಷಿಗೆ, ಅರ್ಧ ಪೋರ್ಚುಗೀಸಿಗೆ. ಈ ಹೊತ್ತು ತೊದಲುವವನು ಇನ್ನರ್ಧ ಗಂಟೆಗೆ ಮೇಷ್ಟ್ರಾಗುತ್ತಾನೆ. ನಾಚಿಕೆ ಬಿಡಿಸಲು ಇದಕ್ಕಿಂತ ಒಳ್ಳೆಯ ಮದ್ದು ನನಗಂತೂ ಕಾಣದು.

ಮಾತಿನ ನಡುವೆ ಪದ ಹೊಳೆಯದಿದ್ದರೆ ವಸ್ತುವನ್ನೇ ಕ್ಯಾಮೆರಾಕ್ಕೆ ಹಿಡಿದು ತೋರಿಸಬಹುದು. ತಪ್ಪಾಡಿದರೆ ಜೊತೆಗಾರ ಮಾತು ಕಡಿಯದೆ ಸರಿಯಾದ ರೂಪವನ್ನು ಚಾಟ್‌ನಲ್ಲಿ ಟೈಪು ಮಾಡಿಡಬಹುದು. ಮಾತು ಮುಗಿದ ಮೇಲೆ ಇಬ್ಬರೂ ಅದನ್ನು ನೋಡುತ್ತಾರೆ. ಆಮೇಲೆ ಅಧ್ಯಾಪಕರ ಜೊತೆ ಕೂತು, ಎಲ್ಲಿ ಸಿಕ್ಕಿಬಿದ್ದೆವೆಂದು ಚರ್ಚಿಸುತ್ತಾರೆ. ಇದನ್ನು ಕೈಬಿಟ್ಟರೆ ಉಳಿಯುವುದು ಬರೀ ಕಾಡುಹರಟೆ.

ತೊಡಕೂ ಇದೆ. ಒಬ್ಬರ ಮಾತು ನಿಂತು ಇನ್ನೊಬ್ಬರದು ಶುರುವಾಗುವ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು ಎಂದು ಹತ್ತು ಭಾಷೆಗಳ ಮಾತುಕತೆ ಅಳೆದ 2009ರ ಅಧ್ಯಯನ ತೋರಿಸಿತು. ದನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ತಗಲಬಾರದೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ಹೋಗಿಬರುವ ದಾರಿ ಸೇರಿದರೆ ಅದೇ 300 ಆಯಿತು. ನೆಟ್ ಇನ್ನೂ ನಿಧಾನವಾದರೆ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ, ‘ನೀವು ಹೇಳಿ’, ‘ಇಲ್ಲ, ನೀವೇ ಹೇಳಿ’ ನಡೆಯುತ್ತದೆ. ಅಳುಕಿನವನು ಸೋಲುವುದು ಇಲ್ಲೇ. ಇಬ್ಬರೇ ಇದ್ದರೆ ಸುಧಾರಿಸಿಕೊಳ್ಳಬಹುದು. ಮೂವತ್ತು ಮಂದಿಯ ಕರೆಯಲ್ಲಿ ಮೈಕು ಮ್ಯೂಟ್ ಮಾಡಿ ಕೂರುವುದೇ ಸಲೀಸು. ಅದು ತೆರೆಯ ಮೇಲಿನ ಉಪನ್ಯಾಸ, ಮಾತಿನ ತಾಲೀಮಲ್ಲ.

ನಮ್ಮ ಕಾಲೇಜುಗಳಲ್ಲಿ ಇದನ್ನು ಮಾಡುವುದಾದರೆ ಮೊದಲ ಪ್ರಶ್ನೆ, ಬದಲಿಗೆ ಕೊಡಲು ನಮ್ಮ ಹುಡುಗರ ಬಳಿ ಏನಿದೆ? ಕನ್ನಡವಿದೆ. ಅಮೆರಿಕ, ಬ್ರಿಟನ್ನಿನ ಕನ್ನಡಿಗರ ಮನೆಗಳಲ್ಲಿ ಅಜ್ಜಿಯ ಮಾತು ಅರ್ಥವಾದರೂ ಉತ್ತರಿಸಲು ತಡಕಾಡುವ, ಕಾಲೇಜಿಗೆ ಹೋಗುವ ಮಕ್ಕಳಿದ್ದಾರೆ. ಅವರನ್ನು ಹುಡುಕಲು ಅಲ್ಲಿನ ಕನ್ನಡ ಕೂಟಗಳನ್ನು ಕೇಳಬಹುದು. ಹೊತ್ತು ಹೊಂದಿಸುವುದೊಂದೇ ಪೇಚು: ಕ್ಯಾಲಿಫೋರ್ನಿಯಾದಲ್ಲಿ ರಾತ್ರಿ ಎಂಟಾದಾಗ ಧಾರವಾಡದಲ್ಲಿ ಮರುದಿನದ ಬೆಳಗು, ಬೇಸಿಗೆಯಲ್ಲಿ ಎಂಟೂವರೆ, ಚಳಿಗಾಲದಲ್ಲಿ ಒಂಬತ್ತೂವರೆ.