ಕರೆಂಟ್ ಬಿಲ್ಲಿನಲ್ಲಿ ಜಿಎಸ್‌ಟಿ ಎಲ್ಲಿದೆ?

2025ರ ಜೂನ್‌ನಲ್ಲಿ ದಾವಣಗೆರೆಗೆ ಹೋಗಿದ್ದಾಗ ಚಿಕ್ಕಮ್ಮ ಕೈಗೆ ಒಂದು ಬಿಲ್ಲು ಕೊಟ್ಟರು. ಮಗಳ ಬಾಣಂತನಕ್ಕೆಂದು ಹೋದವರು ಇಡೀ ಮೇ ತಿಂಗಳು ಮನೆಗೆ ಬೀಗ ಹಾಕಿದ್ದರು. ಮೇನ್ ಸ್ವಿಚ್ಚನ್ನೂ ಆರಿಸಿಯೇ ಹೊರಟಿದ್ದರು. ಬಿಲ್ಲಿನಲ್ಲಿ ಬಳಕೆ ಸೊನ್ನೆ ಯೂನಿಟ್, ಮೊತ್ತ ಮಾತ್ರ 435 ರೂಪಾಯಿ. "ಒಂದು ಬಲ್ಬೂ ಹಚ್ಚಿಲ್ಲ ಕಣೋ. ಎಲ್ಲ ಆ ಜಿಎಸ್‌ಟಿ ಕಾಟ" ಅಂದರು.

ಈ ಮಾತನ್ನು ಅಂಗಡಿ ಕಟ್ಟೆಯಲ್ಲೂ ಬಸ್ಸಿನಲ್ಲೂ ಎಷ್ಟು ಸಲ ಕೇಳಿದ್ದೇನೋ. ಆದರೆ ಅದು ನಿಜವಲ್ಲ. ಮನೆಗೆ ಪೂರೈಸುವ ವಿದ್ಯುತ್ತಿಗೆ ಜಿಎಸ್‌ಟಿ ಇಲ್ಲ. ಬಿಲ್ಲಿನಲ್ಲಿ 'ತೆರಿಗೆ' ಎಂದು ಇರುವುದು ರಾಜ್ಯ ಸರ್ಕಾರದ ವಿದ್ಯುತ್ ತೆರಿಗೆ. ಅದಕ್ಕೆ 1959ರಷ್ಟು ಹಳೆಯ ರಾಜ್ಯ ಕಾಯ್ದೆಯ ಆಧಾರವಿದೆ. ಈಗಿನ ದರ ಶೇ. 9, ಅದೂ ಬಳಸಿದ ವಿದ್ಯುತ್ತಿನ ಶುಲ್ಕದ ಮೇಲೆ. ಚಿಕ್ಕಮ್ಮ ಒಂದು ಯೂನಿಟ್ಟೂ ಬಳಸಿರಲಿಲ್ಲ, ಹಾಗಾಗಿ ಅವರ ಬಿಲ್ಲಿನಲ್ಲಿ ತೆರಿಗೆಯೂ ಸೊನ್ನೆಯೇ ಇತ್ತು.

ಹಾಗಾದರೆ ಆ 435 ರೂಪಾಯಿ ಎಲ್ಲಿಂದ ಬಂತು? 'ಬಳಸದಿದ್ದರೆ ಬಿಲ್ಲೇ ಬರಬಾರದು' ಎಂಬ ನಂಬಿಕೆ ತಪ್ಪುವುದು ಇಲ್ಲಿ. ಅದು ನಿಗದಿತ ಶುಲ್ಕ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ನಮಗಾಗಿ ಸದಾ ಸಿದ್ಧವಾಗಿರುವುದಕ್ಕೆ ಕೊಡುವ ಹಣ. 2003ರ ವಿದ್ಯುಚ್ಛಕ್ತಿ ಕಾಯ್ದೆಯೇ ಇದಕ್ಕೆ ಅವಕಾಶ ಕೊಟ್ಟಿದೆ. ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂಬುದರ ಮೇಲೆ ಲೆಕ್ಕ. 2025ರ ಏಪ್ರಿಲ್‌ನಿಂದ ಗೃಹ ಬಳಕೆದಾರರಿಗೆ ಕಿಲೋವ್ಯಾಟಿಗೆ 120 ಇದ್ದದ್ದು 145 ರೂಪಾಯಿ ಆಯಿತು. ಚಿಕ್ಕಮ್ಮನ ಮನೆಯದು ಮೂರು ಕಿಲೋವ್ಯಾಟ್. ಮೂರರಿಂದ ಗುಣಿಸಿದಾಗ ಅವರು ಸುಮ್ಮನಾದರು. ಆಮೇಲೆ ನಾನೇ ಕೇಳಿದೆ: ಒಬ್ಬರೇ ಇರುವ ಮನೆಗೆ ಮೂರು ಕಿಲೋವ್ಯಾಟ್ ಯಾಕೆ? ಚಿಕ್ಕಪ್ಪ ಇದ್ದಾಗ ಗೀಸರ್ರು, ಹಿಟ್ಟಿನ ಗಿರಣಿ ಎಂದೆಲ್ಲ ಬರೆಸಿದ್ದರಂತೆ. ಗಿರಣಿ ಮಾರಿ ಎಷ್ಟೋ ವರ್ಷವಾಗಿದೆ, ನೀರು ಕಾಯುವುದು ಈಗ ಸೋಲಾರ್‌ನಲ್ಲಿ. ಲೋಡ್ ಇಳಿಸಿಕೊಳ್ಳಲು ಅರ್ಜಿ ಕೊಡಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಆ ದರದಲ್ಲಿ ಒಂದು ಕಿಲೋವ್ಯಾಟ್ ಇಳಿದಿದ್ದರೂ ತಿಂಗಳಿಗೆ 145 ರೂಪಾಯಿ ಉಳಿಯುತ್ತಿತ್ತು.

ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ಬಗ್ಗೆಯೂ ಇಂಥದೇ ಗೊಂದಲ. 'ಎಲ್ಲರಿಗೂ 200 ಯೂನಿಟ್ ಪುಕ್ಕಟೆ' ಎಂದೇ ಬಹಳ ಮಂದಿ ತಿಳಿದಿದ್ದಾರೆ. 2023ರಲ್ಲಿ ಯೋಜನೆ ಬಂದಾಗಿನ ಲೆಕ್ಕ ಹೀಗೆ: ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ನಿಮ್ಮ ಪಾಲು. ಅದನ್ನು ಮೀರಿದರೆ ಹೆಚ್ಚಿನದಕ್ಕೆ ಹಣ ಕಟ್ಟಬೇಕು, ತಿಂಗಳ ಬಳಕೆ 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ.

ಹಾಗೆ ದಾಟಿದ ಮನೆಯ ಲೆಕ್ಕವನ್ನೇ ನೋಡೋಣ. ಮೂರು ಕಿಲೋವ್ಯಾಟ್, 220 ಯೂನಿಟ್, 2025-26ರ ದರ. ಯೂನಿಟ್ಟಿಗೆ 5.80ರಂತೆ 1,276 ರೂಪಾಯಿ, ನಿಗದಿತ ಶುಲ್ಕ 435, ತೆರಿಗೆ 114.84. ಇನ್ನೊಂದು ಸಾಲಿನಲ್ಲಿ 79.20. ಒಟ್ಟು 1,905 ರೂಪಾಯಿ, ಅಂದರೆ ಯೂನಿಟ್ಟಿಗೆ ಎಂಟೂವರೆ ರೂಪಾಯಿಗೂ ಮೇಲೆ. ಇದಕ್ಕೆ ಆಯಾ ತಿಂಗಳ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ ಬೇರೆ ಸೇರುತ್ತದೆ. ಕಂಪನಿ ಮನಸ್ಸಿಗೆ ಬಂದಂತೆ ಹಾಕುವ ಮೊತ್ತ ಅದಲ್ಲ, ಅದಕ್ಕೊಂದು ಸೂತ್ರವಿದೆ. ಖರೀದಿ ವೆಚ್ಚ ಅಂದಾಜಿಗಿಂತ ಇಳಿದರೆ ಅದೇ ಸಾಲಿನಲ್ಲಿ ಕಳೆಯಲೂ ಬೇಕು.

ನನಗೆ ನಿಜಕ್ಕೂ ಸಿಟ್ಟು ಬರುವುದು ಆ 79.20ರ ಸಾಲನ್ನು ನೋಡಿದಾಗ. ಅದು ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು, 2025-26ರಲ್ಲಿ ಯೂನಿಟ್ಟಿಗೆ 36 ಪೈಸೆ. ರಾಜ್ಯದ ವಿದ್ಯುತ್ ಮಂಡಳಿ 1999ರಲ್ಲಿ ಕೆಪಿಟಿಸಿಎಲ್ ಎಂಬ ನಿಗಮವಾಯಿತು, 2002ರಲ್ಲಿ ಅದರಿಂದ ಎಸ್ಕಾಂಗಳು, ಅಂದರೆ ವಿದ್ಯುತ್ ವಿತರಣಾ ಕಂಪನಿಗಳು, ಬೇರೆಯಾದವು. ಆ ನೌಕರರ ಪಿಂಚಣಿಯಲ್ಲಿ ಸರ್ಕಾರದ್ದೆಂದು ಒಂದು ಪಾಲಿತ್ತು. ಅದು ಈಗ ಯೂನಿಟ್ ಲೆಕ್ಕದಲ್ಲಿ ಗ್ರಾಹಕರ ಹೆಗಲಿಗೆ ಬಂದಿದೆ. ದುಡಿದವರಿಗೆ ಪಿಂಚಣಿ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅದನ್ನು ಖಜಾನೆ ಕೊಡಬೇಕೋ, ದೀಪ ಹಚ್ಚುವವರು ಕೊಡಬೇಕೋ ಎಂಬುದನ್ನು ಮಾತ್ರ ಜೋರಾಗಿಯೇ ಕೇಳಬೇಕು. ಇಲ್ಲದ ಜಿಎಸ್‌ಟಿಯನ್ನು ಬೈಯುತ್ತ ಕೂತರೆ ಇರುವ ಈ ಸಾಲನ್ನು ಕೇಳುವವರೇ ಇಲ್ಲದಂತಾಗುತ್ತದೆ.

ಠೇವಣಿಯ ಮಾತನ್ನೂ ಹೇಳಿಬಿಡುತ್ತೇನೆ. ಬಳಕೆ ಹೆಚ್ಚಾದಾಗ ಕೇಳುವ ಹೆಚ್ಚುವರಿ ಭದ್ರತಾ ಠೇವಣಿ 'ಹೋದ ದುಡ್ಡು' ಅಲ್ಲ. ಅದು ನಮ್ಮದೇ ಹಣ. ಅದಕ್ಕೆ ಬ್ಯಾಂಕ್ ದರಕ್ಕೆ ಕಡಿಮೆಯಿಲ್ಲದ ಬಡ್ಡಿ ಕೊಡಬೇಕೆಂದು 2003ರ ಕಾಯ್ದೆಯೇ ಹೇಳುತ್ತದೆ. ಬಡ್ಡಿ ಜಮೆ ಆಗಿದೆಯೇ ಎಂದು ವರ್ಷಕ್ಕೊಮ್ಮೆ ಬಿಲ್ಲು ನೋಡಿ.

ಥರ್ಮಲ್ ಕಾಗದದ ಬಿಲ್ಲು ಕೆಲವೇ ತಿಂಗಳಲ್ಲಿ ಮಸುಕಾಗುತ್ತದೆ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ದರ ಪರಿಷ್ಕರಣೆಗೆ ಮುನ್ನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕರ ಆಕ್ಷೇಪಣೆ ಆಹ್ವಾನಿಸುತ್ತದೆ, ಅಹವಾಲು ಸಭೆಯನ್ನೂ ನಡೆಸುತ್ತದೆ. ಅಲ್ಲಿ ಮಾತಾಡಲು ವಕೀಲರೇ ಆಗಬೇಕಿಲ್ಲ. ಮುಂದಿನ ಸಲ ಪತ್ರಿಕೆಯಲ್ಲಿ ಆ ಪ್ರಕಟಣೆ ಕಂಡಾಗ, ನಿಮ್ಮ ಬಿಲ್ಲು ಹಿಡಿದುಕೊಂಡು ಹೋಗಿ.